ಬಲಸಾಲಿನ ಮೊಲಗಳು

"ಕಿವಿ ಹಿಡಿದು ಎತ್ತಬೇಡಿ!"

ಡಾಕ್ಟರ್ ಕೃಷ್ಣಮೋಹನ ವಸುಮತಿಗೆ ಹೇಳಿದ ಮೊದಲ ಮಾತು ಇದು. ಇದಕ್ಕಿಂತ ಚೆಂದದ ಮಾತು ಹೇಳಿ ಪ್ರೇಮ ಶುರು ಮಾಡುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನಡೆದದ್ದು ಹೀಗೆ.

ಪುತ್ತೂರಿನಲ್ಲಿ ಬಸ್ಸು ನಿಲ್ಲುವ ಜಾಗ. ಎಲ್ಲಿಂದಲೋ ತಪ್ಪಿಸಿಕೊಂಡು ಬಂದ ಬಿಳಿ ಮೊಲವೊಂದು ಸುಳ್ಯದ ಬಸ್ಸಿನ ಹಿಂದಿನ ಚಕ್ರದಡಿ ಹೋಗಿ ಕೂತಿತ್ತು. ಕಂಡಕ್ಟರ್ ಸೀಟಿ ಊದಿಯಾಗಿತ್ತು. ಜನ ಸುತ್ತ ನಿಂತು ಒಳ್ಳೆಯ ಸಲಹೆಗಳನ್ನು ಕೊಡುತ್ತಿದ್ದರು. ವಸುಮತಿ ಮಾತ್ರ ಸೆರಗು ಸಿಕ್ಕಿಸಿ, ಬಗ್ಗಿ, ಕೈಗೆ ಸಿಕ್ಕಿದ ಎರಡು ಕಿವಿಗಳನ್ನು ಹಿಡಿದು ಎಳೆದಿದ್ದಳು.

ಬಿಳಿ ಅಂಗಿಯ ತೆಳ್ಳಗಿನ ಮನುಷ್ಯನೊಬ್ಬ ಏದುಸಿರು ಬಿಡುತ್ತ ಓಡಿಬಂದು ಅವಳ ಮೇಲೆ ರೇಗಿದ್ದು ಆಗಲೇ.

"ಜೀವ ಉಳಿಸಿದ್ದಕ್ಕೆ ಬೈಗುಳವಾ?" ಎಂದಳು ವಸುಮತಿ.

"ಉಳಿಸಿದ್ದು ಸರಿ. ಆದರೆ ಆ ಕಿವಿಯ ನರದಲ್ಲಿ ನನಗೆ ಕೆಲಸ ಉಂಟು. ಅದು ಹಾಳಾದರೆ ಮೊಲ ಇದ್ದೂ ಇಲ್ಲದ ಹಾಗೆ."

ಅವನು ಮೊಲವನ್ನು ಅವಳ ಕೈಯಿಂದ ತೆಗೆದುಕೊಂಡ. ಒಂದು ಕೈ ಎದೆಯಡಿ, ಇನ್ನೊಂದು ಹಿಂಗಾಲಿನಡಿ. ಎಳೆ ಮಗುವನ್ನು ಎತ್ತುವ ಹಾಗೆ. ಮತ್ತೆ ಥ್ಯಾಂಕ್ಸ್ ಎಂದೂ ಹೇಳದೆ ಹೋದ.

'ಎಂಥಾ ಸೊಕ್ಕಿನ ಜನವಪ್ಪಾ…' ಎಂದುಕೊಂಡಳು ವಸುಮತಿ. ಎಂದುಕೊಂಡು, ಅವನು ರಸ್ತೆ ತಿರುಗುವವರೆಗೂ ನೋಡುತ್ತ ನಿಂತಳು.

ಮರುವಾರ ಅಪ್ಪ ಚನಿಯಪ್ಪ ಅವಳಿಗೆ ಒಂದು ಕೆಲಸ ನೋಡಿ ಬಂದ. ಚನಿಯಪ್ಪ ಕಂಪೌಂಡರ್. ಹೊಸದಾಗಿ ಊರಿಗೆ ಬಂದ ಡಾಕ್ಟರ ಸಣ್ಣ ಆಸ್ಪತ್ರೆಯಲ್ಲಿ ಮದ್ದು ಕಲಸಿ ಕೊಡುವುದು ಅವನ ಕೆಲಸ. ಎಸ್‌ಎಸ್‌ಎಲ್‌ಸಿ ಪಾಸಾದ ಮಗಳು ಮನೆಯಲ್ಲಿ ಕೂತು ಗಂಡು ಬರುವುದನ್ನೇ ಕಾಯುವುದು ಅವನಿಗೆ ಸರಿಕಾಣುತ್ತಿರಲಿಲ್ಲ.

"ಆಸ್ಪತ್ರೆಯ ಹಿಂದೆ ಒಂದು ಶೆಡ್ ಉಂಟು ಮಗಾ. ಅಲ್ಲಿ ಡಾಕ್ಟ್ರು ಮೊಲ ಸಾಕುತ್ತಾರೆ. ನೋಡಿಕೊಳ್ಳಲಿಕ್ಕೆ ಓದು ಬರಹ ಬರುವವರು ಬೇಕಂತೆ."

ಮೊಲ ಎಂದ ಕೂಡಲೇ ವಸುಮತಿಗೆ ಎಲ್ಲ ಅರ್ಥವಾಯಿತು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.

ಪೆಟ್ರೋಲ್ ಸಿಗದ ಯುದ್ಧದ ಕಾಲದಲ್ಲಿ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸೊಂದನ್ನು ಆ ಶೆಡ್ಡಿನಲ್ಲಿ ನಿಲ್ಲಿಸುತ್ತಿದ್ದರು. ಈಗ, ಅರುವತ್ತಮೂರನೆಯ ಇಸವಿಯಲ್ಲಿ, ಅಲ್ಲಿ ಎರಡು ಸಾಲು ಗೂಡುಗಳಿದ್ದವು. ಮೂಲೆಯ ಮೇಜಿನ ಮೇಲೆ ಸೀಮೆಎಣ್ಣೆ ದೀಪದ ಕಾವಿನಲ್ಲಿ ರೋಗಾಣು ಬೆಳೆಸುವ ಒಂದು ಮರದ ಪೆಟ್ಟಿಗೆ ಇತ್ತು. ನೆಲದಲ್ಲಿ ಹಳೆಯ ಇದ್ದಿಲಿನ ಕಪ್ಪು ಇನ್ನೂ ಇತ್ತು.

ಡಾಕ್ಟರ್ ಅವಳನ್ನು ಕಂಡ ಕೂಡಲೇ ಗುರುತು ಹಿಡಿದ.

"ಇವತ್ತು ಕಿವಿ ಹಿಡಿಯುದಿಲ್ಲ," ಎಂದಳು ವಸುಮತಿ.

ಅವನ ಮುಖದಲ್ಲಿ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಅವನು ಪೆಟ್ಟಿಗೆಯಿಂದ ಒಂದು ಬಾಟಲಿ ತೆಗೆದು ಬೆಳಕಿಗೆ ಹಿಡಿದ.

"ಇದರಲ್ಲಿ ರೋಗಾಣು ಬೆಳೆಸಿ, ಕುದಿಸಿ, ಕೊಂದಾಗಿದೆ. ಜೀವ ಇರುವುದು ಒಂದೂ ಇಲ್ಲ. ಆದರೂ ಇದನ್ನು ಚುಚ್ಚಿದರೆ ಮೊಲ ಸಾಯುತ್ತದೆ. ಬಾಣಂತಿಗೆ ನಂಜು ಏರಿದಾಗ ಆಗುವುದೂ ಇದೇ. ಮದ್ದು ಕೊಟ್ಟು ರೋಗಾಣುವನ್ನು ಕೊಂದೆವು ಅಂತ ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಅಷ್ಟು ಹೊತ್ತಿಗೆ ಅವಳ ನಾಡಿ ಇಳಿದಿರುತ್ತದೆ. ಕೈಕಾಲು ತಣ್ಣಗಾಗಿರುತ್ತದೆ."

"ಅದಕ್ಕೆ ಮದ್ದು ಇಲ್ಲವಾ?"

"ಹೈಡ್ರೋಕಾರ್ಟಿಸೋನ್ ಅಂತ ಒಂದು ಇಂಜೆಕ್ಷನ್ ಉಂಟು. ಕೆಲವರು ಆಗುತ್ತದೆ ಅನ್ನುತ್ತಾರೆ, ಕೆಲವರು ಇಲ್ಲ ಅನ್ನುತ್ತಾರೆ. ನನಗೆ ನನ್ನ ಕಣ್ಣಿಂದ ನೋಡಬೇಕು."

ಕೆಲಸದ ಕ್ರಮ ಸುಲಭವಾಗಿತ್ತು. ಎಡಸಾಲಿನ ಮೊಲಗಳಿಗೆ ಬಾಟಲಿಯ ನಂಜು ಮಾತ್ರ. ಬಲಸಾಲಿನವಕ್ಕೆ ನಂಜು, ಅದರ ಹಿಂದೆಯೇ ಮದ್ದು. ಯಾವ ಮೊಲ ಯಾವ ಸಾಲಿಗೆ ಎಂಬುದನ್ನು ವಸುಮತಿ ಹಂಚಬೇಕು.

"ನಾನೇ ಯಾಕೆ?"

"ನಾನು ಹಂಚಿದರೆ ನನಗೆ ಗೊತ್ತಿಲ್ಲದೆಯೇ ಗಟ್ಟಿ ಮೊಲವನ್ನು ಮದ್ದಿನ ಸಾಲಿಗೆ ಹಾಕಿಯೇನು. ಮದ್ದು ಗೆಲ್ಲಬೇಕು ಅಂತ ನನಗೆ ಆಸೆ ಉಂಟಲ್ಲ. ನಿಮಗೆ ಇದರಲ್ಲಿ ಯಾವ ಆಸೆಯೂ ಇಲ್ಲ."

ಆಗ ಅದು ನಿಜವಾಗಿತ್ತು.

ಇನ್ನೊಂದು ನಿಯಮವನ್ನೂ ಅವನು ಹೇಳಿದ. ಒಮ್ಮೆ ಸೂಜಿ ತಾಗಿದ ಮೊಲ ಈ ಶೆಡ್ಡಿಗೆ ಮತ್ತೆ ಬರಬಾರದು. ಉಳಿದುಕೊಂಡದ್ದನ್ನು ಮೊಲ ತರುವ ಮೂಸಕುಂಞಿಗೆ ಕೊಟ್ಟುಬಿಡಬೇಕು, ಕೊಯ್ಯುವುದು ಅವನಿಗೆ ಬಿಟ್ಟದ್ದು. ಯಾಕೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮುಂದೆ ಆದದ್ದಕ್ಕೆಲ್ಲ ಬೇರು ಇಲ್ಲೇ ಇದೆ.

ಮೂಸಕುಂಞಿ ಪುತ್ತೂರಿನ ಹತ್ತಿರದ ಸವಣೂರಿನವನು, ಊರವರ ಬಾಯಲ್ಲಿ ಮೂಸಾಕ. ಸಂತೆಯಿಂದ ಸಂತೆಗೆ ಕೋಳಿ, ಬಾತುಕೋಳಿ ವ್ಯಾಪಾರ ಮಾಡುವವನು. ಸುಳ್ಯದಾಚೆ, ಘಟ್ಟದ ಬುಡದ ಒಂದು ಕಡೆಯಿಂದ ಬಿಳಿ ಮೊಲ ತಂದುಕೊಡುತ್ತಿದ್ದವನೂ ಅವನೇ.

ದಿನಗಳು ಕಳೆದವು. ಮೊಲದ ಹಿಂದಿನಿಂದ ಥರ್ಮಾಮೀಟರ್ ಇಟ್ಟು ಜ್ವರ ನೋಡುವ ಕೆಲಸ ಪ್ರೇಮ ಹುಟ್ಟಲು ತಕ್ಕ ಸಂದರ್ಭವೇನಲ್ಲ. ಆದರೂ ಮೊಲದ ಕಿವಿಗೆ ಸ್ಪಿರಿಟ್ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು, ಕೂದಲಿನಷ್ಟು ತೆಳುವಾದ ನರವನ್ನು ಹುಡುಕುವಾಗ ಇಬ್ಬರ ತಲೆಗಳೂ ಹತ್ತಿರ ಬರಲೇಬೇಕು. ಅವನ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು.

"ಅಲ್ಲಾಡಿಸಬೇಡಿ."

"ಮೊಲ ಅಲ್ಲಾಡುದಿಲ್ಲ ಡಾಕ್ಟ್ರೇ."

"ನಿಮ್ಮ ಕೈ ಅಲ್ಲಾಡುತ್ತದೆ."

ಅವಳು ಆಮೇಲೆ ಉಸಿರನ್ನೂ ಬಿಗಿಹಿಡಿದಳು.

ಒಂದು ಮಧ್ಯಾಹ್ನ, ಎಡಸಾಲಿನ ಮೊಲವೊಂದು ನಡುಗುತ್ತ ಮಲಗಿದ್ದಾಗ, ಅವನು ತಾನಾಗಿಯೇ ಹೇಳಿದ.

"ನನ್ನ ಅಕ್ಕ ಗೋದಾವರಿಯನ್ನು ಗುಂಡ್ಯದಿಂದ ಮೇಲೆ, ಘಟ್ಟದಲ್ಲಿ, ಒಂದು ಮನೆಗೆ ಕೊಟ್ಟಿದ್ದು. ಹೆರಿಗೆಯಾಗಿ ನಂಜಾಯಿತು. ಮನೆಯಲ್ಲೇ ಗುಣವಾಗುತ್ತದೆ ಅಂತ ಯಾರೋ ಮದ್ದು ಕೊಡುತ್ತ ಇದ್ದರು. ಕೊನೆಗೆ ಮಂಗಳೂರಿಗೆ ಹೊರಟೆವು. ಗುಂಡ್ಯದಲ್ಲಿ ಜೀಪು ನಿಲ್ಲಿಸಿದೆವು. ಆ ಮೇಲೆ ಅವಸರ ಬೇಕಾಗಲಿಲ್ಲ."

ವಸುಮತಿ ಮೊಲದ ಬೆನ್ನು ಸವರಿದಳು.

"ಈ ಮದ್ದು ಹಿಡಿದರೆ," ಅವನು ಮೊಲವನ್ನೇ ನೋಡುತ್ತ ಹೇಳಿದ, "ಯಾರನ್ನೂ ಆ ದಾರಿಯಲ್ಲಿ ಕೊಂಡುಹೋಗುದು ಬೇಡ. ಇಲ್ಲೇ ಉಳಿಸಬಹುದು."

ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಆ ಮಧ್ಯಾಹ್ನವೇ. ಅವಳಿಗೇ ಅದು ಗೊತ್ತಾಗಲು ಇನ್ನೂ ಸ್ವಲ್ಪ ಸಮಯ ಹಿಡಿಯಿತು.

ಮೊದಮೊದಲು ಎರಡೂ ಸಾಲಿನ ಹೆಚ್ಚಿನ ಮೊಲಗಳು ಸಾಯುತ್ತಿದ್ದವು. ಬಲಸಾಲಿನಲ್ಲಿ ಒಂದೊಂದು, ಎಡಸಾಲಿನಲ್ಲಿ ಒಂದೊಂದು ಉಳಿಯುತ್ತಿತ್ತು. ರಾತ್ರಿಯಿಡೀ ಸಾವಿನೊಡನೆ ಗುದ್ದಾಡಿ ಬೆಳಿಗ್ಗೆ ಮೂಗು ಅರಳಿಸಿ ಹುಲ್ಲು ಕೇಳುವ ಜೀವವನ್ನು ಕೊಯ್ಯಲು ಕೊಡುವುದು ವಸುಮತಿಯಿಂದಾಗಲಿಲ್ಲ.

"ಮೂಸಾಕ, ಇದನ್ನು ಕೊಲ್ಲಬೇಡಿ. ಮನೆಯಲ್ಲಿ ಸಾಕಿ."

"ಮೊಲ ಸಾಕಿ ಎಂತ ಮಾಡುದು ಮಗಳೇ, ಮೊಟ್ಟೆ ಇಡ್ತದಾ?" ಎಂದ ಮೂಸಕುಂಞಿ. ಆದರೂ ಬುಟ್ಟಿಯಲ್ಲಿ ಹುಲ್ಲು ಹಾಸಿ ಕೊಂಡುಹೋದ. ವ್ಯಾಪಾರದಲ್ಲಿ ಬಿಗಿ, ಮನಸ್ಸು ಮೆದು.

ಸವಣೂರಿನಲ್ಲಿ ಅವನ ಹೆಂಡತಿ ಹವ್ವಮ್ಮನಿಗೆ ಮೊಲಗಳ ಮೇಲೆ ಸಿಟ್ಟಿರಲಿಲ್ಲ. ಆದರೆ ಅವು ಅವಳ ಹರಿವೆ ಸೊಪ್ಪಿನ ಸಾಲನ್ನು ಬುಡಸಮೇತ ತಿಂದು ಮುಗಿಸಿದವು. ಅದೇ ಸಮಯಕ್ಕೆ ಘಟ್ಟದ ಬುಡದಲ್ಲಿ ಮೊಲ ಸಿಗುವುದು ಕಡಿಮೆಯಾಯಿತು. ಡಾಕ್ಟರ ಕಡೆಯಿಂದ ಬೇಕು ಬೇಕು ಎಂಬ ಕರೆ. ಮೂಸಕುಂಞಿ ಬಹಳ ಯೋಚಿಸಲಿಲ್ಲ. ಹೊಸ ಮೊಲಗಳ ನಡುವೆ ಹಳೆಯವನ್ನೂ ಬುಟ್ಟಿಗೆ ಹಾಕಿ ತಂದ.

ಡಾಕ್ಟರಿಗೆ ಎಲ್ಲ ಬಿಳಿ ಮೊಲವೂ ಒಂದೇ. ವಸುಮತಿಗೆ ಹಾಗಲ್ಲ. ಬುಟ್ಟಿಯ ಮುಚ್ಚಳ ತೆಗೆದ ಕೂಡಲೇ ಕಿವಿಯ ತುದಿ ಹರಿದ ಒಂದು ಮೊಲ ಅವಳ ಬೆರಳು ಮೂಸಿತು.

"ಮೂಸಾಕ, ಇದು…"

"ಹೊಸತು ಎಲ್ಲಿಂದ ತರುದು? ಜ್ವರ ಬಂದು ಬಿಟ್ಟ ಮೊಲ. ಈಗ ಗಟ್ಟಿ ಉಂಟಲ್ಲ," ಎಂದ ಅವನು ಮೆಲ್ಲಗೆ.

ಡಾಕ್ಟರಿಗೆ ಹೇಳಿದರೆ ಮೂಸಾಕನಿಗೆ ಬೈಗುಳ, ಮೊಲಕ್ಕೆ ಕತ್ತಿ. ಹೇಳದಿದ್ದರೆ ಸೂಜಿ. ವಸುಮತಿ ಮೊಲವನ್ನು ಎತ್ತಿ ಎದೆಗೊತ್ತಿಕೊಂಡಳು. ಆಮೇಲೆ, ಬದುಕಲು ಒಂದು ಅವಕಾಶವಾದರೂ ಸಿಗಲಿ ಎಂದು, ಹಳೆಯ ಗುರ್ತದ ಮೊಲಗಳನ್ನೆಲ್ಲ ಬಲಸಾಲಿಗೆ ಹಾಕಿದಳು. ಮದ್ದಿನ ಸಾಲು. ಹೊಸ ಮುಖಗಳು ಎಡಕ್ಕೆ ಹೋದವು.

ಮರುದಿನ ಬೆಳಿಗ್ಗೆ ಎಡಸಾಲು ಮೌನವಾಗಿತ್ತು. ಬಲಸಾಲಿನಲ್ಲಿ ಎಲ್ಲವೂ ಎದ್ದು ಕೂತಿದ್ದವು.

ಡಾಕ್ಟರ್ ಗೂಡುಗಳನ್ನು ಎರಡೆರಡು ಸಲ ಎಣಿಸಿದ. ಮುಂದಿನ ಸಲವೂ ಹಾಗೆಯೇ ಆಯಿತು. ಅದರ ಮುಂದಿನ ಸಲವೂ. ಉಳಿದವು ಸವಣೂರಿಗೆ ಹೋಗಿ ಹರಿವೆ ತಿಂದು ತಿರುಗಿ ಬರುತ್ತಿದ್ದವು. ತಿರುಗಿ ಬಂದವು ಬಲಕ್ಕೆ ಹೋಗುತ್ತಿದ್ದವು. ಮದ್ದು ನಿಜವಾಗಿ ಹಿಡಿಯಿತು ಎಂದೇ ವಸುಮತಿಯೂ ನಂಬಿದಳು. ತನ್ನ ಕೈ ಅದರಲ್ಲಿ ಇದೆ ಎಂದು ಅವಳಿಗೆ ಹೊಳೆಯಲಿಲ್ಲ.

"ವಸುಮತಿ," ಎಂದ ಅವನು ಒಂದು ದಿನ. ಹೆಸರು ಮಾತ್ರ ಕರೆದದ್ದು ಅದೇ ಮೊದಲು. ಅವಳು ಸಿರಿಂಜನ್ನು ತಟ್ಟೆಯಲ್ಲಿಟ್ಟಳು.

"ಹೇಳಿ ಡಾಕ್ಟ್ರೇ."

"ಇನ್ನೊಂದು ಸಲ ಮಾಡಿ ನೋಡುವ. ಸರಿಯಾದರೆ ಮದರಾಸಿನ ನನ್ನ ಪ್ರೊಫೆಸರರಿಗೆ ತಿಳಿಸುತ್ತೇನೆ. ಆಮೇಲೆ… ನಿಮ್ಮ ಅಪ್ಪನಲ್ಲಿ ಒಂದು ವಿಷಯ ಮಾತಾಡಲಿಕ್ಕೆ ಉಂಟು."

"ಎಂತ ವಿಷಯ?"

"ಮದ್ದಿನದ್ದಲ್ಲ."

ಆ ಸಂಜೆ ಮನೆಯಲ್ಲಿ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಚನಿಯಪ್ಪ ಏನೂ ಹೇಳದೆ ಉಂಡ.

ಆ ಇನ್ನೊಂದು ಸಲದ ದಿನ ಅವಳ ಬಸ್ಸು ತಡವಾಯಿತು. ಶೆಡ್ಡಿಗೆ ಬರುವಾಗ ಡಾಕ್ಟರ್ ತಾನೇ ಮೊಲಗಳನ್ನು ಕೈಗೆ ಸಿಕ್ಕಿದ ಹಾಗೆ ಗೂಡಿಗೆ ಹಾಕಿ, ಸೂಜಿಯನ್ನೂ ಕೊಟ್ಟಾಗಿತ್ತು. ಕಡಬದಿಂದ ತುರ್ತು ಕರೆ ಬಂದಿತ್ತು. ಮೂಸಕುಂಞಿಯ ತಂಗಿ ಪಾತುಮ್ಮ ಹೆತ್ತು ಕೆಲವು ದಿನವಾಗಿ, ಚಳಿಜ್ವರ ಬಂದು, ಮಾತಾಡುವುದನ್ನೇ ಬಿಟ್ಟಿದ್ದಳು.

"ಮೊಲಗಳ ಜ್ವರ ನೋಡುತ್ತ ಇರಿ," ಎಂದವನೇ ಬಾಡಿಗೆ ಕಾರು ಹತ್ತಿದ.

ವಸುಮತಿ ಗೂಡುಗಳ ಕಡೆ ನೋಡಿದಳು. ಕಿವಿ ಹರಿದ ಮೊಲ ಎಡಸಾಲಿನಲ್ಲಿತ್ತು. ಮದ್ದಿಲ್ಲದ ಸಾಲು.

'ಅಯ್ಯೋ… ಇವತ್ತು ನಿನಗೆ ಯಾರೂ ಇಲ್ಲ.' ಅವಳು ಸಂಜೆಯವರೆಗೆ ಅದರ ಪಕ್ಕದಲ್ಲೇ ಕೂತಿದ್ದಳು. ಕಣ್ಣು ತುಂಬಿಕೊಂಡೇ ಮನೆಗೆ ಹೋದಳು.

ಬೆಳಿಗ್ಗೆ ಬಂದಾಗ ಕಿವಿ ಹರಿದ ಮೊಲ ಎದ್ದು ನಿಂತು, ಕಂಬಿ ಹಿಡಿದು, ಹುಲ್ಲು ಕೇಳುತ್ತಿತ್ತು. ಬಲಸಾಲಿನಲ್ಲಿ ಮದ್ದು ಕೊಟ್ಟ ಹೊಸ ಮೊಲಗಳು ಸತ್ತು ಸೆಟೆದಿದ್ದವು.

ಖುಷಿಯಿಂದ ಚಾಚಿದ ಅವಳ ಕೈ ಅರ್ಧದಲ್ಲೇ ನಿಂತಿತು.

ಹಳೆಯದು ಮದ್ದಿಲ್ಲದೆ ಉಳಿಯಿತು. ಹೊಸದು ಮದ್ದಿದ್ದೂ ಸತ್ತಿತು. ಹಾಗಾದರೆ ಇಷ್ಟು ದಿನ ಬಲಸಾಲಿನಲ್ಲಿ ಉಳಿದದ್ದು…?

ಮದ್ದು ಗೆದ್ದಿರಲಿಲ್ಲ. ಅವಳು ಹಂಚಿದ್ದು ಗೆದ್ದಿತ್ತು.

ಹೊರಗೆ ಕಾರಿನ ಸದ್ದು. ಡಾಕ್ಟರ್ ಇಳಿದ. ನಿದ್ದೆಯಿಲ್ಲದ ಕಣ್ಣು, ಆದರೆ ಮುಖದಲ್ಲಿ ಒಂದು ಧೈರ್ಯ. ಹಿಂದಿನ ಸೀಟಿನಲ್ಲಿ ಪಾತುಮ್ಮ ಅಣ್ಣನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ತುಟಿ ಒಣಗಿತ್ತು.

"ಒಳಗೆ ಹಾಸಿಗೆ ಹಾಕಿಸಿ ಚನಿಯಪ್ಪ," ಎಂದ ಅವನು. "ಮಂಗಳೂರಿಗೆ ಬೇಡ. ದಾರಿಯ ಕುಲುಕಾಟ ಇವಳಿಗೆ ಆಗುದಿಲ್ಲ. ಹೈಡ್ರೋಕಾರ್ಟಿಸೋನ್ ಕೊಟ್ಟು ಇಲ್ಲೇ ನೋಡುವ."

ಸುಮ್ಮನಿದ್ದರೆ? ವಸುಮತಿಯ ಮನಸ್ಸಿಗೆ ಆ ಯೋಚನೆ ಬಾರದೆ ಇರಲಿಲ್ಲ. ಸುಮ್ಮನಿದ್ದರೆ ಈ ಮುಖದ ಧೈರ್ಯ ಹಾಗೆಯೇ ಉಳಿಯುತ್ತದೆ. ಅಪ್ಪನಲ್ಲಿ ಆಡಬೇಕಾದ ಮಾತೂ ಉಳಿಯುತ್ತದೆ.

ಅವಳು ಕಾರಿನ ಬಾಗಿಲಿಗೆ ಅಡ್ಡ ನಿಂತಳು.

"ಡಾಕ್ಟ್ರೇ, ಪಾತುಮ್ಮನನ್ನು ಇಳಿಸಬೇಡಿ. ಮಂಗಳೂರಿಗೆ ಕೊಂಡುಹೋಗಿ."

"ಎಂತ ಹೇಳುದು ನೀವು?"

"ಮದ್ದು ಹಿಡಿಯುದಿಲ್ಲ. ಬಲಸಾಲಿನಲ್ಲಿ ಉಳಿದದ್ದೆಲ್ಲ ಹಳೆಯ ಮೊಲಗಳು. ಮೊದಲೇ ಸೂಜಿ ತಾಗಿದ್ದವು. ಅವನ್ನು ಆರಿಸಿ ಮದ್ದಿನ ಸಾಲಿಗೆ ಹಾಕಿದ್ದು ನಾನು. ನಿನ್ನೆ ನೀವು ಒಂದನ್ನು ಎಡಕ್ಕೆ ಹಾಕಿದಿರಿ. ಅದು ಈಗಲೂ ಹುಲ್ಲು ತಿನ್ನುತ್ತ ಉಂಟು. ಮದ್ದು ಕೊಟ್ಟ ಹೊಸದು ಸತ್ತಿದೆ. ಬೇಕಾದರೆ ಬಂದು ನೋಡಿ."

ಕೃಷ್ಣಮೋಹನ ಶೆಡ್ಡಿನ ಬಾಗಿಲವರೆಗೆ ಹೋಗಿ ನೋಡಿ ಬಂದ. ಮುಖದಲ್ಲಿ ರಕ್ತ ಇರಲಿಲ್ಲ.

"ತಂದುಕೊಟ್ಟದ್ದು ನಾನು ಡಾಕ್ಟ್ರೇ," ಎಂದ ಮೂಸಕುಂಞಿ ಕಾರಿನೊಳಗಿಂದ. "ಪಾಪದ ಹುಡುಗಿಗೆ ಎಂತ ಹೇಳಬೇಡಿ."

ಡಾಕ್ಟರ್ ಅವನ ಕಡೆ ನೋಡಲಿಲ್ಲ.

"ಆಸೆ ಇಲ್ಲದವರು ಹಂಚಲಿ ಅಂತ ನಿಮ್ಮ ಕೈಗೆ ಕೊಟ್ಟೆ," ಎಂದ ಅವಳಿಗೆ. "ನನ್ನನ್ನು ಖುಷಿ ಮಾಡಲಿಕ್ಕೆ ಇದೊಂದೇ ದಾರಿ ಕಂಡಿತಾ?"

"ಅದಕ್ಕಲ್ಲ…"

"ನಾಳೆಯಿಂದ ನೀವು ಬರುದು ಬೇಡ."

ಪಾತುಮ್ಮನಿಗೆ ಸಲೈನ್ ಏರಿಸಿ, ಬಾಟಲಿಯನ್ನು ಕೈಯಲ್ಲೇ ಎತ್ತಿ ಹಿಡಿದುಕೊಂಡು, ಅವನೂ ಕಾರು ಹತ್ತಿದ. ಮಂಗಳೂರಿನ ರಸ್ತೆಯಲ್ಲಿ ಧೂಳು ಎದ್ದಿತು. ಅವಳು ಶೆಡ್ಡಿಗೆ ಹೋಗಿ, ಎಲ್ಲ ಮೊಲಕ್ಕೂ ಹುಲ್ಲು ಹಾಕಿ, ಬಾಗಿಲು ಎಳೆದು ಮನೆಗೆ ಹೊರಟಳು.

ಆಮೇಲಿನ ದಿನಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅವಳು ಅತ್ತಳು, ಅತ್ತದ್ದನ್ನು ಮುಚ್ಚಿಟ್ಟಳು. ಸುದ್ದಿಗೆ ಇದ್ದದ್ದು ಅಪ್ಪ ಒಬ್ಬನೇ.

"ಪಾತುಮ್ಮ ಬದುಕಿದಳು. ಗರ್ಭದಲ್ಲಿ ಹೆರಿಗೆಯ ಮಾಸಿನ ಚೂರು ಉಳಿದು ಕೊಳೆತಿತ್ತಂತೆ. ತೆಗೆದರು. ಇಲ್ಲೇ ಇಟ್ಟುಕೊಂಡಿದ್ದರೆ ಹೋಗುತ್ತಿದ್ದಳು ಅಂತ ಅಲ್ಲಿಯ ದೊಡ್ಡ ಡಾಕ್ಟ್ರು ಹೇಳಿದರಂತೆ."

ವಸುಮತಿ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಇನ್ನೊಂದು ದಿನ ಅಪ್ಪ ಹೇಳಿದ, "ಎಲ್ಲ ಹೊಸ ಮೊಲ ತರಿಸಿ ಮತ್ತೆ ಮಾಡಿ ನೋಡಿದರು. ಎರಡೂ ಸಾಲು ಸತ್ತಿತು."

"ಡಾಕ್ಟ್ರು ಎಂತ ಹೇಳಿದರು?"

"ಎಂತ ಇಲ್ಲ. ಸ್ಟೂಲಿನ ಮೇಲೆ ಕೂತಿದ್ದರು. ಊಟಕ್ಕೂ ಏಳಲಿಲ್ಲ."

ಪಾತುಮ್ಮ ಬಾಣಂತನಕ್ಕೆ ಅಣ್ಣನ ಮನೆಗೆ ಬಂದಿದ್ದಾಳೆಂದು ತಿಳಿದು ವಸುಮತಿ ಒಂದು ದಿನ ಸವಣೂರಿಗೆ ಹೋದಳು. ಅಂಗಳದಲ್ಲಿ ಕಿವಿ ಹರಿದ ಮೊಲ ಓಡಾಡುತ್ತಿತ್ತು. ಒಳಗೆ ಮಗು ಅಳುತ್ತಿತ್ತು, ಪಾತುಮ್ಮ ಅದನ್ನು ಸಮಾಧಾನ ಮಾಡುತ್ತಿದ್ದಳು. ಆ ಎರಡು ಸದ್ದು ಕೇಳಿಯೇ ವಸುಮತಿಗೆ ತಾನು ಕಳೆದುಕೊಂಡದ್ದು ಸ್ವಲ್ಪ ಹಗುರಾಯಿತು.

ಆಗ ಬೇಲಿಯ ತಡಮೆ ದಾಟಿ ಬಂದವನನ್ನು ನೋಡಿ ಹವ್ವಮ್ಮ ಮೊಲವನ್ನು ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡಳು.

"ಇದನ್ನು ಕೊಡುದಿಲ್ಲ ಡಾಕ್ಟ್ರೇ. ಮೊದಲು ಹರಿವೆ ತಿಂತದೆ ಅಂತ ಬೈದದ್ದು ಹೌದು. ಈಗ ಇದು ನಮ್ಮ ಮನೆಯದ್ದು. ಪಾತುಮ್ಮನ ಜೀವ ಉಳಿದದ್ದು ಇದರಿಂದ."

"ಕೊಡುದು ಬೇಡ ಹವ್ವಮ್ಮ. ನಾನು ಮೊಲಕ್ಕೆ ಬಂದದ್ದಲ್ಲ."

ಹವ್ವಮ್ಮ ಅವನ ಮುಖ ನೋಡಿದಳು, ವಸುಮತಿಯ ಮುಖ ನೋಡಿದಳು. "ಚಾಯ ಇಡ್ತೇನೆ," ಎಂದು ಒಳಗೆ ಹೋದಳು. ಆ ಚಾಯ ಬರಲು ಬೇಕಾದ್ದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯಿತು.

ಕೃಷ್ಣಮೋಹನ ಜಗಲಿಯ ಅಂಚಿನಲ್ಲಿ ಕೂತ. ಮಾತು ಹುಡುಕಲು ಅವನಿಗೆ ಮೊಲದ ನರ ಹುಡುಕುವುದಕ್ಕಿಂತ ಕಷ್ಟವಾಯಿತು.

"ಒಮ್ಮೆ ನಂಜು ತಾಗಿ ಉಳಿದ ಮೊಲ ಆಮೇಲೆ ಸ್ವಲ್ಪ ಕಾಲ ಅದೇ ನಂಜನ್ನು ತಾಳುತ್ತದೆ. ಇದು ನನಗೆ ಓದಿ ಗೊತ್ತಿತ್ತು. ಅದಕ್ಕೇ ಹಳೆಯ ಮೊಲ ಬರಬಾರದು ಅಂದದ್ದು. ಆದರೆ ಯಾಕೆ ಅಂತ ನಿಮಗೆ ಹೇಳಲೇ ಇಲ್ಲ. ಹೇಳಿದರೆ ಅರ್ಥವಾಗುದಿಲ್ಲ ಅಂತ ಎಣಿಸಿದೆನೋ ಏನೋ. ಹೇಳಿದ್ದರೆ ನೀವು ಹಾಗೆ ಮಾಡುತ್ತಿರಲಿಲ್ಲ."

"ಮಾಡುತ್ತಿರಲಿಲ್ಲ," ಎಂದಳು ವಸುಮತಿ. "ಆದರೆ ಕೊಯ್ಯಲಿಕ್ಕೂ ಕೊಡುತ್ತಿರಲಿಲ್ಲ."

"ನನ್ನ ಖುಷಿಗೆ ಮಾಡಿದ್ದು ಅಂತ ತಿಳಿದೆ."

"ಮೊಲಕ್ಕೆ ಬೇಕಾಗಿ ಮಾಡಿದ್ದು. ನಿಮ್ಮ ಖುಷಿ ಆಮೇಲೆ ಕಂಡದ್ದು. ಕಂಡ ಮೇಲೆ… ಅದು ಹೋಗಬಾರದು ಅಂತ ಆಸೆ ಆದದ್ದು ಹೌದು."

"ಹೋಗುತ್ತದೆ ಅಂತ ಗೊತ್ತಿದ್ದೂ ಕಾರಿಗೆ ಅಡ್ಡ ನಿಂತಿರಿ."

"ಒಳಗೆ ಪಾತುಮ್ಮ ಇದ್ದಳಲ್ಲ."

ಅವನು ತಲೆ ತಗ್ಗಿಸಿದ. ಕಷ್ಟಪಟ್ಟು ಹೇಳಿದ.

"ಅಕ್ಕನಿಗೆ ಮನೆಯಲ್ಲೇ ಮದ್ದು ಕೊಟ್ಟು ಕೂರಿಸಿದವರನ್ನು ನಾನು ಇಷ್ಟು ವರ್ಷ ಬೈದೆ. ಆ ದಿನ ನಾನೂ ಅದನ್ನೇ ಮಾಡಲಿಕ್ಕೆ ಹೊರಟಿದ್ದೆ. ಅಕ್ಕನ ಹತ್ತಿರ ಆಗ ನಿಮ್ಮ ಹಾಗೆ ಒಬ್ಬರು ಇರಲಿಲ್ಲ."

ವಸುಮತಿ ಅವನ ಪಕ್ಕದಲ್ಲಿ, ಒಂದು ಮೊಲ ಕೂರುವಷ್ಟು ಜಾಗ ಬಿಟ್ಟು, ಕೂತಳು.

"ಶೆಡ್ಡಿಗೆ ಬರುತ್ತೀರಾ?" ಎಂದು ಕೇಳಿದ ಅವನು. "ಮೊದಲಿನಿಂದ ಮಾಡಬೇಕು. ಇನ್ನು ಮೇಲೆ ನಾನೂ ಹಂಚುದಿಲ್ಲ, ನೀವೂ ಹಂಚುದು ಬೇಡ. ಚೀಟಿ ಹಾಕುವ. ಯಾರ ಆಸೆಯೂ ಸೇರುದಿಲ್ಲ."

"ಹಂಚಲಿಕ್ಕೆ ಇಲ್ಲದಿದ್ದರೆ ನಾನು ಯಾಕೆ ಬೇಕು?"

"ಬೇಕು."

"ಕೆಲಸಕ್ಕಾ?"

"ಕೆಲಸಕ್ಕೆ ಬೇರೆಯವರೂ ಸಿಗುತ್ತಾರೆ. ಬೆಳಿಗ್ಗೆ ನಿಮ್ಮ ಅಪ್ಪನಲ್ಲಿ ಮಾತಾಡಿಯೇ ಬಂದೆ. ಮಗಳನ್ನು ಕೇಳಿ ಅಂದರು."

ವಸುಮತಿಗೆ ಕೂಡಲೇ ಹೂಂ ಎನ್ನಬೇಕೆನಿಸಿತು. ಆದರೂ ಇಷ್ಟು ದಿನ ಅಳಿಸಿದವನನ್ನು ಅಷ್ಟು ಸುಲಭಕ್ಕೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

"ಇದು ಚೀಟಿ ಹಾಕಿ ಬಂದದ್ದಾ?"

"ಅಲ್ಲ," ಎಂದ ಕೃಷ್ಣಮೋಹನ. "ಇದು ಆಸೆಯಿಂದ ಆರಿಸಿದ್ದು."

ಅವಳು ನಗುತ್ತ ಕಣ್ಣೊರೆಸಿಕೊಂಡಳು. ಒಳಗಿನಿಂದ ಹವ್ವಮ್ಮ, ಚಾಯ ತರಬಹುದಾ ಎಂದು ಕೇಳಿದಳು.

"ತನ್ನಿ ಹವ್ವಮ್ಮ," ಎಂದಳು ವಸುಮತಿ, ನಡುವೆ ಬಿಟ್ಟ ಜಾಗವನ್ನು ಸರಿದು ಮುಚ್ಚುತ್ತ. "ಡಾಕ್ಟ್ರಿಗೆ ಸಕ್ಕರೆ ಕಡಿಮೆ."